ಹುಂಜದ ಗರಿ ಮತ್ತು ನಮ್ಮ ತೋಡಿನ ಗುಂಡಿ

ಲಾಕ್‌ಡೌನಿನಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಬೆಂಗಳೂರು ಬಿಟ್ಟು ವೇಣೂರು ಹತ್ತಿರದ ಮನೆಗೆ ಬಂದಿದ್ದಾಗ ಯೂಟ್ಯೂಬ್ ನನಗೊಂದು ಹುಚ್ಚು ಹಿಡಿಸಿತು. ಅಮೆರಿಕದ ಯಾವುದೋ ಹೊಳೆ. ಮೊಣಕಾಲು ನೀರಲ್ಲಿ ನಿಂತ ಒಬ್ಬ ಮನುಷ್ಯ ಗಾಳಿಯಲ್ಲಿ ದಾರ ಬೀಸುತ್ತಾನೆ, ಬ್ರೂಕ್ ಟ್ರೌಟ್ ಅನ್ನುವ ಕಿತ್ತಳೆ ಹೊಟ್ಟೆಯ ಚುಕ್ಕೆ ಮೀನು ಹಿಡಿಯುತ್ತಾನೆ, ನೋಡುತ್ತಾನೆ, ಬಿಡುತ್ತಾನೆ. "ಬಿಡ್ಲಿಕ್ಕೆ ಹಿಡಿಯೂದು ಎಂತಕ್ಕೆ?" ಅಂತ ಹಿಂದಿನಿಂದ ಅಮ್ಮ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಒಂಬತ್ತು ಅಡಿಯ ರಾಡ್ ಆರ್ಡರ್ ಮಾಡಿಯೇಬಿಟ್ಟೆ.

ನಮ್ಮ ಗಾಳಕ್ಕೂ ಇದಕ್ಕೂ ವ್ಯತ್ಯಾಸ ಉಂಟು. ಎರೆಹುಳು ಸಿಕ್ಕಿಸಿ ಸೀಸದ ಗುಂಡು ಕಟ್ಟಿ ಎಸೆಯುವಾಗ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗಿನಲ್ಲಿ ಭಾರ ಇರುವುದು ದಪ್ಪ ದಾರದಲ್ಲೇ. ತುದಿಯಲ್ಲಿರುವುದು ಗರಿ ಸುತ್ತಿದ ಪುಟ್ಟ ಕೊಕ್ಕೆ. ಮೀನಿಗೆ ಅದು ನೀರಿಗೆ ಬಿದ್ದ ಹುಳ. ದಾರವನ್ನು ಹಿಂದಕ್ಕೆ ಬೀಸಿ, ಅದು ಪೂರ್ತಿ ನೀಳವಾಗುವವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ಕಾಯುವುದೇ ಕಷ್ಟ ಮಾರಾಯ್ರೇ. ಮೊದಲ ವಾರ ನಾನು ಹಿಡಿದದ್ದೆಲ್ಲ ಅಡಿಕೆ ಸೋಗೆ. ಕೊಯ್ಲಾದ ಗದ್ದೆಗೆ ಹೋಗಿ ಕಲಿತೆ. ಗರಿಗೆ ಮಾತ್ರ ಬರ ಇರಲಿಲ್ಲ, ಪಕ್ಕದ ಮನೆಯ ಹುಂಜ ಅಂಕದಲ್ಲಿ ಸೋತು ಸಾರಾಗಿತ್ತು.

ಆದರೆ ಟ್ರೌಟ್ ಎಲ್ಲಿಂದ ತರುವುದು? ಅದಕ್ಕೆ ತಣ್ಣನೆಯ ನೀರೇ ಬೇಕು. ಬ್ರಿಟಿಷರು ಟ್ರೌಟ್ ತಂದು ಬಿಟ್ಟದ್ದು ಊಟಿ, ಮುನ್ನಾರಿನ ಎತ್ತರದಲ್ಲಿ. ನಮ್ಮ ಫಲ್ಗುಣಿ ಏಪ್ರಿಲ್‌ನಲ್ಲಿ ಸ್ನಾನದ ಬಿಸಿನೀರು. ಬಂಟ್ವಾಳದ ಮಾವನ ಮನೆ ಹತ್ತಿರ ನೇತ್ರಾವತಿಯಲ್ಲೂ ಪ್ರಯತ್ನಿಸಿದೆ. ಅಲ್ಲಿ ಸಿಕ್ಕಿದ್ದು ಪುಕ್ಕಟೆ ಸಲಹೆ ಮಾತ್ರ.

ಹುಡುಕುತ್ತಾ ಹೋದಾಗ ಎರಡು ವಿಷಯ ತಿಳಿಯಿತು. ಒಂದು, ನಮ್ಮದೇ ಜಿಲ್ಲೆಯ ಹೆಸರು ಹೊತ್ತ ಒಂದು ಮೀನು ಉಂಟು, ಕೆನರಾ ಬ್ಯಾರಿಲ್. 1849ರಲ್ಲಿ ಜೆರ್ಡನ್ ಅದನ್ನು ದಾಖಲಿಸಿದ. ಗೇಣುದ್ದವೂ ಇಲ್ಲದ ಬೆಳ್ಳಿ ಮೀನು, ಪಕ್ಕದಲ್ಲಿ ಎರಡು ಸಾಲು ನೀಲಿ ಚುಕ್ಕೆ, ನೀರ ಮೇಲಿನ ಹುಳಕ್ಕೆ ಹಾರುತ್ತದೆ. ಇದರ ಬಳಗಕ್ಕೆ ಇಂಗ್ಲಿಷಿನಲ್ಲಿ 'ಹಿಲ್ ಟ್ರೌಟ್' ಅಂತಲೇ ಹೆಸರು. ಎರಡು, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ! ಭಾರತದಲ್ಲಿ ಗಾಳ ಹಾಕುವವರು ಇಂದಿಗೂ ಹೆಸರು ಹೇಳುವ ಪುಸ್ತಕ. ಮೂಡಬಿದಿರೆಯಲ್ಲಿ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಇದರ ಗಾಳಿಯೂ ತಾಗಿರಲಿಲ್ಲ.

ಥಾಮಸ್‌ಗೆ ಪ್ರಿಯವಾದದ್ದು ಮಹಶೀರ್, ಕೊಕ್ಕೆಗೆ ಬಿದ್ದರೆ ಸಾಲ್ಮನ್‌ಗಿಂತ ಒಂದು ಕೈ ಮೇಲು ಅನ್ನುತ್ತಾನೆ. ಆದರೆ ಅವನು ಬರೀ ಶೋಕಿಯವನಲ್ಲ. ಹೊಳೆಗೆ ವಿಷ ಹಾಕುವುದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನು ಗುಡಿಸುವುದು ನಿಲ್ಲಬೇಕು, ಅದಕ್ಕೆ ಕಾನೂನು ಬೇಕು ಅಂತ ವಾದಿಸಿದ. ಕಾನೂನು ಬಂದದ್ದು 1897ರಲ್ಲಿ. ಭಾರತೀಯ ಮೀನುಗಾರಿಕೆ ಕಾಯ್ದೆ ವಿಷವನ್ನೂ ಸ್ಫೋಟಕವನ್ನೂ ಅಪರಾಧ ಮಾಡಿತು.

ಆ ಪುಟಗಳನ್ನು ಫೋನಿನಲ್ಲಿ ಓದುವಾಗ ನನಗೆ ಒಂಥರಾ ಆಯಿತು. ಯಾಕೆಂದರೆ ಆ ಅಪರಾಧ ನಾನು ಮಾಡಿದ್ದೇನೆ.

ಒಂಬತ್ತನೇ ಕ್ಲಾಸಿನ ಬೇಸಿಗೆ ರಜೆ. ತೋಟದ ಕೆಳಗಿನ ತೋಡು ಬತ್ತಿ, ಒಂದು ಗುಂಡಿಯಲ್ಲಿ ಮಾತ್ರ ಸೊಂಟದಷ್ಟು ನೀರು. ಮೀನುಗಳೆಲ್ಲ ಅಲ್ಲಿ. ಅಜ್ಜನ ಕಾಲದಲ್ಲಿ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರಂತೆ. ನಾನು ಮತ್ತು ದೊಡ್ಡಮ್ಮನ ಮಗ ಬಾವಿಗೆ ತಂದು ಉಳಿದಿದ್ದ ಬ್ಲೀಚಿಂಗ್ ಪೌಡರ್ ಸುರಿದೆವು. ಸ್ವಲ್ಪ ಹೊತ್ತಿಗೆ ಗುಂಡಿ ಬೆಳ್ಳಗಾಯಿತು, ಪೌಡರಿನಿಂದಲ್ಲ, ಮೇಲ್ಮುಖವಾದ ಹೊಟ್ಟೆಗಳಿಂದ. ದೊಡ್ಡದನ್ನಷ್ಟೇ ಆರಿಸಿ ಬುಟ್ಟಿಗೆ ಹಾಕಿದೆವು. ಬೆರಳಿನಷ್ಟು ಸಣ್ಣವು ಅಲ್ಲೇ ಉಳಿದವು, ಕಾಗೆಗಳು ಬಂದವು. ಅಜ್ಜಿ ಬುಟ್ಟಿ ಮೂಸಿ ನೋಡಿ ಎಲ್ಲವನ್ನೂ ತೆಂಗಿನ ಬುಡಕ್ಕೆ ಹಾಕಿಸಿದರು. ಬೈಯಲಿಲ್ಲ. ಆ ಮಳೆಗಾಲ ತೋಡಿನ ಕಡೆ ಕಪ್ಪೆ ಕೂಗಿದ ನೆನಪು ನನಗಿಲ್ಲ.

ಅದಕ್ಕೂ ಮೊದಲು ನಾನು ಎಷ್ಟು ಸಲ ಶಿಶಿಲಕ್ಕೆ ಹೋಗಿದ್ದೆ! ನಮ್ಮ ಬೆಳ್ತಂಗಡಿ ತಾಲೂಕಿನದ್ದೇ ಶಿಶಿಲೇಶ್ವರ ದೇವಸ್ಥಾನ, ಕಪಿಲಾ ನದಿಯ ಮತ್ಸ್ಯತೀರ್ಥ. ಥಾಮಸ್ ಮೆಚ್ಚಿದ ಅದೇ ಮಹಶೀರ್, ಅಲ್ಲಿ ದೇವರ ಮೀನು. ಕೈಯಿಂದ ಅಕ್ಕಿ ಬಿದ್ದರೆ ಒಂದರ ಮೇಲೊಂದು ಏರಿ ಬರುತ್ತವೆ, ಹಿಡಿಯುವವರಿಲ್ಲ. ಆದರೆ ಅಲ್ಲಿಯೂ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ಅವುಗಳ ನೆನಪಿಗೆ ಒಂದು ಸ್ಮಾರಕ ಉಂಟು. ಚಿಕ್ಕವನಿದ್ದಾಗ ಅಪ್ಪ ಅದನ್ನು ತೋರಿಸಿ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ದೇವಸ್ಥಾನದ ಮೀನು ಬೇರೆ, ತೋಡಿನದ್ದು ಬೇರೆ ಅಂತ ಲೆಕ್ಕ ಹಾಕಿರಬೇಕು.

ಕಳೆದ ಡಿಸೆಂಬರಿನಲ್ಲಿ ರಜೆ ಹಾಕಿ ಬಂದು ಆ ಗುಂಡಿಗೆ ಇಳಿದೆ. ಮಳೆ ಹೋಗಿ ನೀರು ತಿಳಿಯಾಗುವ ಹೊತ್ತು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿದ್ದೆ, ಬಾಯಿ ಹರಿಯದೆ ಬಿಡಿಸಲಿಕ್ಕೆ. ಮೊದಲೆರಡು ಬೀಸು ಬಂದಳಿಕೆಗೆ ಹೋಯಿತು. ಮೂರನೆಯದು ಬಂಡೆಯ ನೆರಳಿಗೆ ಬಿತ್ತು, ಟಪ್ ಅಂತ ನೀರು ಒಡೆಯಿತು. ಕೈ ಒದ್ದೆ ಮಾಡಿಕೊಂಡು ಹಿಡಿದೆ. ಬೆರಳಿಗಿಂತ ತುಸು ಉದ್ದ. ಎರಡು ಸಾಲು ನೀಲಿ ಚುಕ್ಕೆ. ಒಂದು ಫೋಟೋ ತೆಗೆದು ನೀರಿಗಿಟ್ಟೆ, ಒಂದು ಕ್ಷಣ ಅಂಗೈಯಲ್ಲೇ ನಿಂತು ಆಮೇಲೆ ಇಲ್ಲ.

ಫೋಟೋ ದೊಡ್ಡಮ್ಮನ ಮಗನಿಗೆ ಕಳಿಸಿದೆ. ಅವನೀಗ ದುಬೈಯಲ್ಲಿದ್ದಾನೆ. ಬ್ಲೂ ಟಿಕ್ ಬಂದು ಎಷ್ಟೋ ಹೊತ್ತಿಗೆ ಮೆಸೇಜ್ ಬಂತು.

"ನಮ್ಮ ಗುಂಡಿಯದ್ದಾ?"

"ಹೌದು."

"ಎಷ್ಟು ಉಂಟು?"

ಮತ್ತೆ ಇಣುಕಿ ಎಣಿಸಿದೆ. "ಕಂಡದ್ದು ಹನ್ನೊಂದು."