ಸೈಕಲ್ ಸಿದ್ಧ, ಊರು ಸಿದ್ಧವೇ?

ವಾರಕ್ಕೆ ಆರು ದಿನ ಕಚೇರಿಗೆ, ಏಳನೇ ದಿನ ನಂಜನಗೂಡಿಗೋ ಶ್ರೀರಂಗಪಟ್ಟಣಕ್ಕೋ. ಎರಡಕ್ಕೂ ಒಂದೇ ಸೈಕಲ್. ಮೈಸೂರಿನ ರಸ್ತೆಗಳಲ್ಲಿ ಬೆಳ್ಳಂಬೆಳಗ್ಗೆ ಇಂಥ ಸವಾರರು ಕಣ್ಣಿಗೆ ಬೀಳುತ್ತಾರೆ. ಕೆಳಕ್ಕೆ ಬಾಗಿದ ಹ್ಯಾಂಡಲ್ ಕಂಡವರು ‘ರೇಸ್ ಸೈಕಲ್’ ಅಂದುಬಿಡುತ್ತಾರೆ. ಆದರೆ ಟೈರು ಕೊಂಚ ದಪ್ಪಗಿದ್ದು ಮಣ್ಣಿನ ದಾರಿಗೂ ಅಂಜದಿದ್ದರೆ ಅದು ಸೈಕ್ಲೋಕ್ರಾಸ್ ಜಾತಿಯದು.

ಇದರ ತವರು ಫ್ರಾನ್ಸ್. ಕೆಸರು, ಹುಲ್ಲು, ದಿಬ್ಬಗಳಲ್ಲಿ ಓಡಿಸುವ ಈ ಆಟಕ್ಕೆ ಅಲ್ಲಿ 1902ರಲ್ಲೇ ರಾಷ್ಟ್ರೀಯ ಸ್ಪರ್ಧೆ ನಡೆಯಿತು. 1950ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್. ಕೆಸರು ಸಿಕ್ಕಿಕೊಳ್ಳಬಾರದೆಂದು ಚಕ್ರಕ್ಕೂ ಫ್ರೇಮಿಗೂ ನಡುವೆ ಜಾಗ ಬಿಟ್ಟರು. ದಿಬ್ಬ ಬಂದಾಗ ಹೆಗಲಿಗೇರಿಸಿ ಓಡಲೆಂದು ಹಗುರ ಮಾಡಿದರು. ಆ ಜಾಗದಲ್ಲೇ ಇಂದು ಮಳೆಗಾಲದ ಮಡ್‌ಗಾರ್ಡ್ ಕೂರುತ್ತದೆ. ಕೊಳ್ಳುವವರು ಮಾತ್ರ ಒಂದು ನೋಡಿಕೊಳ್ಳಬೇಕು: ಕ್ಯಾರಿಯರ್ ಬಿಗಿಯಲು ಫ್ರೇಮಿನಲ್ಲಿ ತೂತುಗಳಿವೆಯೇ? ಬರೀ ಸ್ಪರ್ಧೆಗೆಂದು ಮಾಡಿದ್ದರಲ್ಲಿ ಅವು ಇರದೆಯೂ ಇರಬಹುದು. ಆಗ ಊಟದ ಡಬ್ಬಿ ಬೆನ್ನಿಗೇ ಗತಿ!

ಎಲ್ಲಕ್ಕೂ ಒಂದೇ ಸೈಕಲ್ ಅನ್ನುವುದು ಈ ಊರಿಗೆ ಹೊಸದೇನಲ್ಲ. ಹಾಲಿನವರ ಕಪ್ಪು ಸೈಕಲ್ಲಿನ ಟೈರು ಒಂದೂವರೆ ಇಂಚು, ಅಂದರೆ 38 ಮಿ.ಮೀ. ಅಂತರರಾಷ್ಟ್ರೀಯ ಸೈಕ್ಲೋಕ್ರಾಸ್ ಸ್ಪರ್ಧೆಗೆ ಇರುವ ಮಿತಿಯೇ 33 ಮಿ.ಮೀ.! ಕ್ಯಾನೂ ಹೊತ್ತಿತು, ಮೇವೂ ಹೊತ್ತಿತು, ಮನೆಮಂದಿಯನ್ನು ಜಾತ್ರೆಗೂ ಒಯ್ದಿತು. ಹೊಸದರಲ್ಲಿ ಹೆಚ್ಚಿರುವುದು ಗೇರು, ಕಡಿಮೆಯಾಗಿರುವುದು ತೂಕ. ಬೆಲೆಯ ಮಾತು ಬೇರೆ.

ಆ ಬೆಲೆಗೂ ಸರ್ಕಾರ ತುಸು ಕರುಣೆ ತೋರಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಸರಿ, ಕೊಂಡದ್ದಾಯಿತು. ಪೇಟೆಗೆ ಹೋದರೆ ಕಟ್ಟಿಹಾಕೋದೆಲ್ಲಿ? ಸ್ಕೂಟರುಗಳ ಸಾಲಿನಲ್ಲಿ ಸಿಕ್ಕಿಸಿದರೆ ಕಡ್ಡಿ ಬಾಗುತ್ತದೆ. ಹೊರಗೆ ಬಿಟ್ಟರೆ ಸೈಕಲ್ಲೇ ಇರುವುದಿಲ್ಲ. 2017ರಲ್ಲಿ ಇಲ್ಲೇ ‘ಟ್ರಿಣ್ ಟ್ರಿಣ್’ ಹೆಸರಲ್ಲಿ 450 ಬಾಡಿಗೆ ಸೈಕಲ್ ಬಂದಾಗ ಅವಕ್ಕೆಂದೇ ನಿಲ್ದಾಣಗಳಾದವು. ಸ್ವಂತ ಸೈಕಲ್ ತಂದವರಿಗೆ ಅಲ್ಲಿ ಜಾಗವಿರಲಿಲ್ಲ.

ಊರ ಹೊರಗಿನದು ಇನ್ನೊಂದು ಕಥೆ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳ ಜತೆ ಸೈಕಲ್ಲಿಗೂ ನಿಷೇಧ. ಆ ವೇಗದ ನಡುವೆ ಸೈಕಲ್ ಬೇಡವೆನ್ನುವುದು ಸರಿಯೇ. ಹಾಗಾದರೆ ಪಕ್ಕದ ಸರ್ವಿಸ್ ರಸ್ತೆಯಾದರೂ ನೆಟ್ಟಗಿರಬೇಕಲ್ಲ?

ಇದು ಶೋಕಿಯವರ ಬೇಡಿಕೆ ಅಂತ ತಳ್ಳಿಹಾಕುವುದು ಸುಲಭ. ಆದರೆ ಗಾರೆ ಕೆಲಸಕ್ಕೆ ಹೋಗುವವರ ಹಳೇ ಸೈಕಲ್ ಓಡುವುದೂ ಅದೇ ರಸ್ತೆಯ ಅಂಚಿನಲ್ಲಿ. ಕೇಳುತ್ತಿರುವುದು ಅರಮನೆಯನ್ನಲ್ಲ. ಮಾರುಕಟ್ಟೆ, ಬಸ್ ನಿಲ್ದಾಣ, ಕಚೇರಿಗಳ ಮುಂದೆ ನೆಲದಲ್ಲಿ ಹೂತ ನಾಲ್ಕು ಕಬ್ಬಿಣದ ಕಮಾನು, ಬೀಗ ಹಾಕಲು. ಚಕ್ರ ಸಿಕ್ಕಿಕೊಳ್ಳದಂತೆ ರಸ್ತೆಗೆ ಅಡ್ಡಲಾಗಿ ಸರಳುಗಳಿರುವ ಚರಂಡಿ ಜಾಲರಿ. ಡಾಂಬರು ಹಾಕುವಾಗ ಅಂಚಿನವರೆಗೂ ಸಮತಟ್ಟು. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ ಎಂಬ ಲೆಕ್ಕ ಪಾಲಿಕೆಯ ಇಂಜಿನಿಯರುಗಳಿಗೆ ತಿಳಿಯದ್ದೇನಲ್ಲ.

ಮುಂದಿನ ಬಜೆಟ್ಟಿನಲ್ಲಿ ಇದಕ್ಕೊಂದು ಸಾಲು ಸಿಕ್ಕೀತೇ?