ಪೊರಕೆ ಹಿಡಿದವರಿಗೂ ಮುಪ್ಪು ಬರುತ್ತದೆ



ಸರ್ಕಾರಿ ನೌಕರರ ಮುಷ್ಕರ ಅಂದ ಕೂಡಲೆ ನಮ್ಮ ಹಾಸ್ಟೆಲುಗಳಲ್ಲಿ ಎರಡು ಮಾತು ಕೇಳಿಬರುತ್ತವೆ. "ಸಂಬಳ ತಿಂದು ಕೊಬ್ಬಿದವರ ಜಗಳ, ನಮಗ್ಯಾಕೆ?" ಅನ್ನೋದು ಒಂದು. "ಮೊದ್ಲು ಕೆಲ್ಸ ಸಿಗ್ಲಿ, ಪಿಂಚಣಿ ಮಾತು ಮುದುಕರಾದ ಮೇಲೆ" ಅನ್ನೋದು ಇನ್ನೊಂದು. ಈ ಎರಡು ಮಾತನ್ನೂ ನಮ್ಮ ಬಾಯಿಗೆ ಇಟ್ಟವರು ಯಾರು ಎಂದು ಯೋಚಿಸಬೇಕಾಗಿದೆ. ಪಿಂಚಣಿ ಹೋರಾಟ ನಮ್ಮದೂ ಹೌದು. ನಮ್ಮದಾದ್ದರಿಂದಲೇ ಅದನ್ನು ನಡೆಸುವವರಿಗೆ ಒಂದು ಖಾರವಾದ ಪ್ರಶ್ನೆ ಹಾಕುವ ಹಕ್ಕೂ ನಮಗಿದೆ.

ಮೊದಲು ವಿಷಯ ತಿಳಿಯೋಣ. ಹಳೇ ಪದ್ಧತಿಯಲ್ಲಿ ಪೂರ್ತಿ ಸೇವೆ ಮಾಡಿ ನಿವೃತ್ತನಾದ ನೌಕರನಿಗೆ ಕೊನೆಯ ಮೂಲ ವೇತನದ ಅರ್ಧ ಪಿಂಚಣಿಯಾಗಿ ಬರುತ್ತಿತ್ತು. ಬೆಲೆ ಏರಿದಂತೆ ತುಟ್ಟಿಭತ್ಯೆ ಏರುತ್ತಿತ್ತು. ಅವನು ಸತ್ತರೆ ಹೆಂಡತಿಗೆ ಕುಟುಂಬ ಪಿಂಚಣಿ. 2004ರ ಜನವರಿ 1ರಿಂದ ಕೇಂದ್ರ ಸರ್ಕಾರ, ಸೈನ್ಯವೊಂದನ್ನು ಬಿಟ್ಟು, ಹೊಸದಾಗಿ ಸೇರುವವರಿಗೆ ಇದನ್ನು ನಿಲ್ಲಿಸಿತು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಬಾಗಿಲು ಮುಚ್ಚಿತು. ಬದಲಿಗೆ ಬಂದದ್ದು ಎನ್‌ಪಿಎಸ್. ಮೂಲ ವೇತನ, ತುಟ್ಟಿಭತ್ಯೆಯಲ್ಲಿ ನೂರಕ್ಕೆ 10 ಮುರಿದುಕೊಂಡು, ಸರ್ಕಾರದ ಪಾಲನ್ನೂ ಸೇರಿಸಿ ಪೇಟೆಗೆ ಹಾಕುತ್ತಾರೆ. ನಿವೃತ್ತಿಯ ದಿನ ಪೇಟೆ ಎಷ್ಟು ಕೊಟ್ಟಿತೋ ಅಷ್ಟೇ ಗಂಟು. ಅದರಲ್ಲೂ ಕನಿಷ್ಠ ನೂರಕ್ಕೆ 40 ಭಾಗ ವಿಮಾ ಕಂಪನಿಗೆ ಕಟ್ಟಿ, ಅವರು ಕೊಟ್ಟಷ್ಟು ಮಾಸಾಶನ ಈಸಿಕೊಳ್ಳಬೇಕು. ಅರ್ಧ ಸಂಬಳದ ಭರವಸೆ ಹೋಯಿತು. ಒಂದು ಪಕ್ಷದ ಸರ್ಕಾರ ಇದನ್ನು ತಂದಿತು, 2013ರಲ್ಲಿ ಅದರ ಎದುರು ಪಕ್ಷದ ಸರ್ಕಾರ ಕಾಯ್ದೆಯ ಬಲ ಕೊಟ್ಟಿತು. ಬಡವನ ಮುಪ್ಪಿನ ವಿಚಾರ ಬಂದಾಗ ಇವರಿಬ್ಬರಿಗೂ ಜಗಳವೇ ಇಲ್ಲ ನೋಡಿ!

ಪಿಂಚಣಿ ಅಂದರೆ ಧಣಿ ಎಸೆದ ತುಂಡಲ್ಲ. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಇದನ್ನು ಹೇಳಿತು. ಪಿಂಚಣಿ ಸರ್ಕಾರದ ಔದಾರ್ಯವಲ್ಲ, ನೌಕರನ ಹಕ್ಕು, ಅವನು ಮಾಡಿದ ದುಡಿಮೆಗೆ ಸಲ್ಲಬೇಕಾದದ್ದು ಎಂಬುದು ಆ ತೀರ್ಪಿನ ತಿರುಳು. ಅಂದಮೇಲೆ ಅದನ್ನು ಕಿತ್ತುಕೊಳ್ಳುವುದು ಕೂಲಿ ಕಡಿತವೇ ಹೊರತು ಆರ್ಥಿಕ ಸುಧಾರಣೆ ಅಲ್ಲ.

ಈ ಕಡಿತದ ಏಟು ಎಲ್ಲರಿಗೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ಅಜ್ಜನ ಕಾಲದ ಗದ್ದೆ, ಪೇಟೆ ಬೀದಿಯಲ್ಲೊಂದು ಮಳಿಗೆ, ಬೆಂಗಳೂರಲ್ಲೊಂದು ಸೈಟು ಇದ್ದವನಿಗೆ ಪಿಂಚಣಿ ಅನ್ನೋದು ಊಟದ ಮೇಲಿನ ಬಾಳೆಹಣ್ಣು. ಕೇರಿಯಿಂದ ಬಂದು ಗುಮಾಸ್ತನೋ ಮೇಷ್ಟ್ರೋ ಆದವನಿಗೆ ಏನಿದೆ? ಅವನ ಸಂಬಳದಲ್ಲಿ ತಂಗಿ ಮದುವೆ, ಅಪ್ಪನ ಸಾಲ, ತಮ್ಮನ ಪರೀಕ್ಷೆ ಫೀಜು, ಸೋರೋ ಮನೆಗೆ ಶೀಟು. ಉಳಿಸೋದೇನು ಬಂತು, ಮಣ್ಣು! ನಮ್ಮ ಜನಕ್ಕೆ ಪಿಂಚಣಿಯೇ ಜಮೀನು. ಕೇರಿಯಲ್ಲಿ ಒಬ್ಬ ನಿವೃತ್ತ ಜವಾನ ಇದ್ದರೆ ತಿಂಗಳ ಮೊದಲ ವಾರ ಎಷ್ಟು ಮನೆಯ ಒಲೆ ಅವನ ಹೆಸರಲ್ಲಿ ಉರಿಯುತ್ತದೆ ಎಂಬುದು ನಮಗೆ ಗೊತ್ತಿದೆ. ತಲೆತಲಾಂತರ ಕಾದು ನಾವು ಸರ್ಕಾರದ ಬಾಗಿಲ ಹತ್ತಿರ ಬರೋ ಹೊತ್ತಿಗೆ ಒಳಗಿನ ಮಣೆಯನ್ನೇ ಎತ್ತಿಬಿಟ್ಟರು.

ಹಾಗಾಗಿ "ನಮಗ್ಯಾಕೆ" ಅನ್ನುವ ಗೆಳೆಯ ತಿಳಿಯಬೇಕು: ಇವತ್ತು ಮುಷ್ಕರ ಕೂತವನು ಸೋತರೆ ನಾಳೆ ನೀನು ಸೇರುವ ಕೆಲಸವೇ ಬಡವಾಗುತ್ತದೆ. ನೀನು ಓದುತ್ತಿರುವುದು ಅದೇ ಕೆಲಸಕ್ಕೆ.

ಈಗ ಖಾರದ ಪ್ರಶ್ನೆ. ಈ ನಾಡಲ್ಲಿ ಸರ್ಕಾರದ ಕೆಲಸವನ್ನು ಎಲ್ಲರಿಗಿಂತ ಹಿಂದಿನಿಂದ ಮಾಡಿಕೊಂಡು ಬಂದವರು ಯಾರು? ತೋಟಿ, ತಳವಾರ, ನೀರಗಂಟಿ, ಕುಳುವಾಡಿ. ಕಂದಾಯಕ್ಕೆ ಕರೆದವರು ನಾವು, ಡಂಗುರ ಹೊಡೆದವರು ನಾವು, ಸತ್ತ ದನ ಎಳೆದವರು ನಾವು. ಕೂಲಿ ಏನು? ಕಣದಲ್ಲಿ ಉಳಿದ ಕಾಳು, ಮನೆ ಮುಂದೆ ನಿಂತು ಬೇಡಿದ ಮುದ್ದೆ. 1961ರ ಕಾಯ್ದೆ ಆ ವಂಶಪಾರಂಪರ್ಯ ಚಾಕರಿಯನ್ನು ರದ್ದು ಮಾಡಿತು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆಯ ಮೇಲಿನ ಮಲದ ಬುಟ್ಟಿಯನ್ನು ಇಳಿಸಲು ಆಜ್ಞೆ ಮಾಡಿದರು. ಬುಟ್ಟಿ ಇಳಿಯಿತು, ಪೊರಕೆ ಕೈಯಲ್ಲೇ ಉಳಿಯಿತು. ಪೊರಕೆ ಹಿಡಿದವರನ್ನು ಕಂಟ್ರಾಕ್ಟರನ ಕೈಗೆ ಕೊಟ್ಟರು. ಬೀದಿ ಸರ್ಕಾರದ್ದು, ಕಸ ಸರ್ಕಾರದ್ದು, ಗುಡಿಸೋ ಹೆಂಗಸು ಮಾತ್ರ ಸರ್ಕಾರದವಳಲ್ಲ! ಇಂಥ ಲೆಕ್ಕ ಯಾವ ಶಾಸ್ತ್ರದಲ್ಲಿದೆ? ಮನುವಿನ ಶಾಸ್ತ್ರದಲ್ಲಿದೆ.

2022ರ ಜುಲೈ 1ರಿಂದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಕೂತರು. ಕೆಲಸ ಕಾಯಂ ಮಾಡಿ ಎಂದರು. ಕಸ ಮೂಗಿಗೆ ಬಡಿದ ಮೇಲೆ ಸರ್ಕಾರಕ್ಕೆ ಕಿವಿ ಬಂತು. ಆ ವರ್ಷವೇ 11,133 ಮಂದಿಯನ್ನು ಹಂತ ಹಂತವಾಗಿ ಕಾಯಂ ಮಾಡಲು ಸಂಪುಟ ಒಪ್ಪಿತು. 2025ರ ಮೇ ದಿನದಂದು ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ನೇಮಕಾತಿ ಪತ್ರ ಕೊಟ್ಟರು. ಇದು ಯಾರೂ ಕೊಟ್ಟ ದಾನವಲ್ಲ, ಆ ಹೆಣ್ಣುಮಕ್ಕಳು ಬೀದಿಯಲ್ಲಿ ಕೂತು ಗೆದ್ದದ್ದು. ಆದರೆ ಹತ್ತು ಇಪ್ಪತ್ತು ವರ್ಷ ಗುತ್ತಿಗೆಯಲ್ಲಿ ಸವೆದ ಮೇಲೆ ಕಾಯಂ ಆದವಳ ಸೇವೆಯನ್ನು ಯಾವ ದಿನದಿಂದ ಲೆಕ್ಕ ಹಾಕೋದು? ಕಾಯಂ ಆಗುವ ಮೊದಲೇ ಸೊಂಟ ಮುರಿದು ಮನೆ ಸೇರಿದವಳ ಗತಿ ಏನು?

2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರ ಹೂಡಿದರು. ಸಂಬಳ ಏರಿಸಿ, ಹಳೇ ಪಿಂಚಣಿ ಕೊಡಿ ಎಂದರು. ನೂರಕ್ಕೆ 17 ಮಧ್ಯಂತರ ಪರಿಹಾರ ಬಂತು, ಪಿಂಚಣಿಗೆ ಒಂದು ಸಮಿತಿ ಬಂತು, ಅದೇ ದಿನ ಮುಷ್ಕರ ಮುಗಿಯಿತು. 2024ರ ಜನವರಿಯಲ್ಲಿ ಹೊರಟ ಆದೇಶ, 2006ರ ಏಪ್ರಿಲ್‌ಗೆ ಮುಂಚಿನ ಅಧಿಸೂಚನೆಯಲ್ಲಿ ಆಯ್ಕೆಯಾಗಿ ಆಮೇಲೆ ಸೇರಿದ ಸುಮಾರು 13,000 ಮಂದಿಗೆ ಹಳೇ ಪದ್ಧತಿ ಕೊಟ್ಟು, ಉಳಿದವರನ್ನು ಹೊರಗೇ ನಿಲ್ಲಿಸಿತು. ಪಾಲು ಮಾಡಿ ಆಳುವ ವಿದ್ಯೆ ಇದು.

ನೌಕರ ಸಂಘದ ಮುಖಂಡರಿಗೆ ನಮ್ಮ ಪ್ರಶ್ನೆ ಇಷ್ಟೇ. ಪೊರಕೆಯ ಮುಷ್ಕರದ ದಿನ ಪೆನ್ನೂ ಕೆಳಗೆ ಬಿದ್ದಿದ್ದರೆ, ಪೆನ್ನಿನ ಮುಷ್ಕರದ ದಿನ ಪೊರಕೆಯೂ ಕೆಳಗೆ ಬಿದ್ದಿದ್ದರೆ, ಬರೀ ಸಮಿತಿ ತೋರಿಸಿ ಮನೆಗೆ ಕಳಿಸಲು ಯಾವ ಮಂತ್ರಿಗೆ ಧೈರ್ಯ ಬರುತ್ತಿತ್ತು? ನಿಮ್ಮ ಬೇಡಿಕೆ ಪಟ್ಟಿಯಲ್ಲಿ ನಿಮ್ಮದೇ ಕಚೇರಿ ಕಕ್ಕಸು ತೊಳೆಯುವವಳ ಮುಪ್ಪು ಎಷ್ಟನೇ ನಂಬರು?

ಈ ಪ್ರಶ್ನೆ ಹೊಸದಲ್ಲ. ಬೊಂಬಾಯಿ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿಯ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ನೂಲಿಗೆ ಎಂಜಲು ತಾಗುತ್ತದೆ, ಮೈಲಿಗೆ ಎಂದು ಜೊತೆ ಕೂಲಿಗಳೇ ತಡೆಯುತ್ತಿದ್ದರು. 1928ರ ಮುಷ್ಕರದ ಕಾಲಕ್ಕೆ ಬಾಬಾಸಾಹೇಬರು ಇದನ್ನು ಮುಖಂಡರ ಮುಖಕ್ಕೆ ಹಿಡಿದರು. ಹಾಗಂತ ಅವರು ಮುಷ್ಕರದ ವೈರಿ ಆಗಲಿಲ್ಲ. 1938ರ ನವೆಂಬರ್ 7ರಂದು, ಮುಷ್ಕರದ ಹಕ್ಕು ಮೊಟಕು ಮಾಡುವ ಮಸೂದೆಯ ವಿರುದ್ಧ, ಕಮ್ಯುನಿಸ್ಟರ ಜೊತೆಗೂಡಿ ಬೊಂಬಾಯಿಯಲ್ಲಿ ಮುಷ್ಕರ ನಡೆಸಿದರು. ಅದೇ ವರ್ಷ ಮನ್ಮಾಡಿನ ರೈಲ್ವೆ ಕಾರ್ಮಿಕರಿಗೆ ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ವೈರಿಗಳೆಂದು ತಿಳಿಸಿದ್ದರು. ಒಂದನ್ನು ಬಿಟ್ಟು ಇನ್ನೊಂದನ್ನು ಹೊಡೆಯಲು ಹೋದವರು ಎರಡಕ್ಕೂ ಸೋತಿದ್ದಾರೆ.

"ಬೊಕ್ಕಸ ಬರಿದಾಗುತ್ತೆ" ಎಂದು ಪಂಡಿತರು ಎದೆ ಬಡಿದುಕೊಳ್ಳುತ್ತಾರೆ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ಮೇಲಿನ ಮೂಲ ತೆರಿಗೆಯನ್ನು ನೂರಕ್ಕೆ 30ರಿಂದ 22ಕ್ಕೆ ಇಳಿಸಿದಾಗ, ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಡುತ್ತಿದ್ದೇವೆ ಎಂದು ಕೇಂದ್ರವೇ ಅಂದಾಜು ಕೊಟ್ಟಿತು. ಆಗ ಬೊಕ್ಕಸ ಅಳಲಿಲ್ಲವೆ? 2025ರ ಮಾರ್ಚ್‌ನಲ್ಲಿ ನಮ್ಮ ವಿಧಾನಸಭೆಯ ಗದ್ದಲದ ನಡುವೆ ಶಾಸಕರ ಸಂಬಳ ಇಮ್ಮಡಿಯಾಯಿತು, ಮಾಜಿಗಳ ಪಿಂಚಣಿಯೂ ಏರಿತು. ಅವರ ಮುಪ್ಪನ್ನು ಯಾವ ಪೇಟೆಗೂ ಹಾಕಲಿಲ್ಲ. ಖಾಸಗಿ ದುಡಿಮೆಗಾರನಿಗೋ, 2014ರಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಮಾಡಿದರು. ಅದರಲ್ಲಿ ಬಿ.ಪಿ. ಮಾತ್ರೆ ಕೊಳ್ಳೋದೋ, ಅಕ್ಕಿ ಕೊಳ್ಳೋದೋ?

ಆಗದು ಅಂದದ್ದು ಹೋರಾಡಿದರೆ ಆಗುತ್ತದೆ. ಇಪ್ಪತ್ತು ವರ್ಷ ಮಾತೇ ಬೇಡ ಎಂದಿದ್ದ ಕೇಂದ್ರ, 2024ರ ಆಗಸ್ಟ್‌ನಲ್ಲಿ ಏಕೀಕೃತ ಪಿಂಚಣಿ ಯೋಜನೆ ಎಂದು ಹೇಳಿ, 25 ವರ್ಷ ದುಡಿದವರಿಗೆ ಅರ್ಧ ವೇತನದ ಭರವಸೆಗೆ ಮರಳಿತು. ಸಂಬಳದಿಂದ ನೂರಕ್ಕೆ 10 ಮುರಿಯೋದನ್ನು ಮಾತ್ರ ಬಿಡಲಿಲ್ಲ. ಅರ್ಧ ಹೆಜ್ಜೆ, ನಿಜ. ಆ ಅರ್ಧ ಹೆಜ್ಜೆಯನ್ನೂ ಇಡಿಸಿದ್ದು ಬೀದಿ.

ಗೆಳೆಯರೇ, 2024ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಹೊರಗುತ್ತಿಗೆಗೂ ಮೀಸಲಾತಿ ಎಂದು ಆದೇಶವಾಯಿತು. ಸಂತೋಷ. ಆದರೆ ಹೊರಗುತ್ತಿಗೆ ಹೊರಗುತ್ತಿಗೆಯೇ. ಮೀಸಲಾತಿ ಉಂಟು, ಹಳೇ ಪಿಂಚಣಿಯೂ ಇಲ್ಲ, ಹೊಸದೂ ಇಲ್ಲ. ಕಾಯಂ ಕೆಲಸ, ಮೀಸಲಾತಿ, ಪಿಂಚಣಿ: ಈ ಮೂರನ್ನು ಒಂದೇ ಹಗ್ಗದಲ್ಲಿ ಹೊಸೆಯದಿದ್ದರೆ ಒಂದೊಂದೇ ಎಳೆಯಾಗಿ ಕಿತ್ತುಹಾಕುತ್ತಾರೆ.

ಆದ್ದರಿಂದ ಮುಂದಿನ ಮುಷ್ಕರದ ಪೆಂಡಾಲಿಗೆ ನಾವು ಹೋಗೋಣ. ಅತಿಥಿಗಳಾಗಿ ಅಲ್ಲ, ಬಾಧ್ಯಸ್ಥರಾಗಿ. ನಮ್ಮ ಹಾಸ್ಟೆಲಿನಲ್ಲಿ ಬೆಳಗಿನ ಜಾವ ಎದ್ದು ನಮಗೆ ಬೇಯಿಸಿ ಹಾಕುವ ಅಕ್ಕ ಕಾಯಮ್ಮೋ, ಗುತ್ತಿಗೆಯೋ ಎಂದು ಇವತ್ತೇ ಕೇಳೋಣ. ಗುತ್ತಿಗೆಯಾದರೆ ಅವಳನ್ನೂ ಕರೆದುಕೊಂಡು ಹೋಗೋಣ. ಅವಳಿಗೆ ಮಾತಾಡಲು ಮೈಕು ಕೊಡಿ ಎಂದು ಕೇಳೋಣ. ಹಳೇ ಪಿಂಚಣಿ ಎಲ್ಲ ನೌಕರರಿಗೂ ಬರಲಿ. ಗುತ್ತಿಗೆಯಲ್ಲಿ ಸವೆದ ವರ್ಷಗಳೂ ಸೇವೆಯ ಲೆಕ್ಕಕ್ಕೆ ಸೇರಲಿ. ಸರ್ಕಾರದ ಕೆಲಸ ಮಾಡುವ ಪ್ರತಿಯೊಬ್ಬರೂ ಸರ್ಕಾರದ ನೌಕರರಾಗಲಿ. ಈ ಬೇಡಿಕೆಗಳನ್ನು ಪಟ್ಟಿಯ ತಲೆಗೆ ಬರೆಸದೆ ಪೆಂಡಾಲಿನಿಂದ ಏಳಬಾರದು.

ಜೈ ಭೀಮ್.