ಹಸಿ ಹಚ್ಚೆ, ಹಾಲಿಲ್ಲದ ಕೇಕು



ನವೆಂಬರ್ 1 ಎಂದರೆ ನಮಗೆಲ್ಲ ರಾಜ್ಯೋತ್ಸವ, 1956ರಲ್ಲಿ ಕನ್ನಡ ಸೀಮೆಗಳು ಒಂದುಗೂಡಿದ ದಿನ. ಅದೇ ದಿನವನ್ನು 1994ರಿಂದೀಚೆಗೆ ವಿಶ್ವ ವೀಗನ್ ದಿನವೆಂದೂ ಆಚರಿಸುತ್ತಾರೆಂಬುದು ನನ್ನ ನಾದಿನಿಯಿಂದ ತಿಳಿದ ಸಂಗತಿ. ಮಾಂಸ, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ತುಪ್ಪ, ಜೇನನ್ನೂ ಬಿಟ್ಟವರು ವೀಗನ್ನರು. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ಈ ಹೆಸರಿಟ್ಟರು. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಗೆ ಆ ವ್ರತ ಬಂದು ಒಂದು ವರ್ಷವಾಯಿತು. ಈ ದಸರೆಗೆ ಅದರ ಹಿಂದೆಯೇ ಇನ್ನೊಂದು ಬಂತು: ನಾದಿನಿಯ ಮುಂಗೈ ಮೇಲೆ ಒಂದು ತಾವರೆಯ ಹಚ್ಚೆ.

ಹಚ್ಚೆಯನ್ನು ಕಂಡು ಅತ್ತೆಯವರು ಸಿಡಿಮಿಡಿಗೊಂಡರೂ ಬಹಳ ನೊಂದುಕೊಳ್ಳಲಿಲ್ಲ. ಅವರು ಮಂಡ್ಯದ ಕಡೆಯವರು. ಅವರ ತಾಯಿಯ ಎರಡೂ ತೋಳುಗಳಲ್ಲಿ ಹಚ್ಚೆಯಿತ್ತಂತೆ. ಕೊರವಂಜಿ ಬಂದು ಜಗಲಿಯ ಮೇಲೆ ಕೂತು, ದೀಪದ ಕಾಡಿಗೆಯನ್ನು ಸೂಜಿಯಲ್ಲಿ ಚುಚ್ಚಿ ಹಾಕುತ್ತಿದ್ದಳಂತೆ. ಸತ್ತಾಗ ಬಂಗಾರವನ್ನೆಲ್ಲ ಬಿಚ್ಚಿಕೊಳ್ಳುತ್ತಾರೆ, ಜೊತೆಗೆ ಬರುವ ಒಡವೆ ಹಚ್ಚೆಯೊಂದೇ ಎಂಬ ಮಾತೂ ಆ ಮನೆಯಲ್ಲಿತ್ತು. ಅವರು ನಿಜವಾಗಿ ನೊಂದದ್ದು ತುಪ್ಪಕ್ಕೆ. "ಹಾಲು ಬೇಡ, ತುಪ್ಪ ಬೇಡ ಅಂದ್ರೆ ನನ್ನ ಕೈ ಊಟವೇ ಬೇಡ ಅಂದಂಗಾಯ್ತು ಕಣೇ," ಎಂದು ಮಗಳಿಗೆ ಹೇಳಿ, ಎಂಟು ದಿನ ಮಾತೇ ಆಡಲಿಲ್ಲ. ಊರು ಬಿಟ್ಟು ಬಂದ ಮನೆಗಳಲ್ಲಿ ಊರೆಂಬುದು ಹೆಚ್ಚಾಗಿ ಉಳಿದಿರುವುದು ತಟ್ಟೆಯಲ್ಲಿಯೇ. ಮಗಳು ಆ ತಟ್ಟೆಯನ್ನು ಅತ್ತ ಸರಿಸಿದಳೆಂದರೆ ತಾಯಿಗೆ ಊಟಕ್ಕಿಂತ ಹೆಚ್ಚಿನದೇನೋ ಕೈಬಿಟ್ಟಂತೆ.

ನಮ್ಮ ಕಚೇರಿಯಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಕಡತದ ಟಿಪ್ಪಣಿಯಲ್ಲಿ ಭಿನ್ನಾಭಿಪ್ರಾಯ ಬರೆದ ಗುಮಾಸ್ತನೂ ಕಡತವನ್ನು ಮೇಜಿನ ಮೇಲೆ ಕೊಳೆಯಲು ಬಿಡುವ ಹಾಗಿಲ್ಲ, ಮುಂದಕ್ಕೆ ಕಳುಹಿಸಲೇಬೇಕು. ಮನೆಗೂ ಅದೇ ಸರಿ. ಒಪ್ಪಿಗೆ ಬೇರೆ, ಆರೈಕೆ ಬೇರೆ. ಹಚ್ಚೆ ಬೇಕಿತ್ತೇ ಬೇಡವಿತ್ತೇ ಎಂಬ ಚರ್ಚೆ ಆರು ತಿಂಗಳು ಕಾಯಬಲ್ಲದು. ಹಸಿ ಗಾಯ ಆರು ಗಂಟೆಯೂ ಕಾಯಲಾರದು.

ಹೌದು, ಹೊಸ ಹಚ್ಚೆ ಗಾಯವೇ. ಸೂಜಿ ಶಾಯಿಯನ್ನು ಇಳಿಸುವುದು ಮೇಲ್ಪೊರೆಯ ಕೆಳಗಿರುವ ಒಳಚರ್ಮಕ್ಕೆ. ಮೇಲ್ಪೊರೆ ಸುಮಾರು ತಿಂಗಳಿಗೊಮ್ಮೆ ಹೊಸದಾಗುವುದರಿಂದ ಅಲ್ಲಿ ಹಾಕಿದ ಬಣ್ಣ ನಿಲ್ಲದು. ಒಳಗೆ ನಮ್ಮ ದೇಹದ ಕಾವಲು ಕಣಗಳು ಶಾಯಿಯನ್ನು ನುಂಗಿ ಹಿಡಿದಿಡುತ್ತವೆ. ಒಂದು ಕಣ ಸತ್ತರೆ ಅದು ಚೆಲ್ಲಿದ ಶಾಯಿಯನ್ನು ಮತ್ತೊಂದು ಹೊಸ ಕಣ ಎತ್ತಿಕೊಳ್ಳುತ್ತದೆಂದು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಚರ್ಮದಲ್ಲಿ ಕಂಡುಕೊಂಡರು. ಅಜ್ಜಿಯ ಒಡವೆ ಮೊಮ್ಮಗಳ ಕೈಗೆ ಬಂದ ಹಾಗೆ!

ಆರೈಕೆಯ ಕ್ರಮ ಸರಳ. ಮೊದಲು ಕೈ ತೊಳೆಯಬೇಕು. ಆಮೇಲೆ ಉಗುರುಬೆಚ್ಚನೆಯ ನೀರು, ವಾಸನೆಯಿಲ್ಲದ ಮೃದು ಸೋಪಿನಿಂದ ಹಚ್ಚೆಯನ್ನು ಮೆಲ್ಲಗೆ ತೊಳೆದು, ಶುಭ್ರವಾದ ಬಟ್ಟೆಯಿಂದ ಒತ್ತಿ ಒಣಗಿಸಬೇಕು, ಉಜ್ಜಬಾರದು. ಮುಲಾಮು ತೆಳ್ಳಗೆ ಸವರಿದರೆ ಸಾಕು. ನಾಲ್ಕೈದು ದಿನಕ್ಕೆ ಹೊಪ್ಪಳೆ ಏಳುತ್ತದೆ, ಕೆರೆತ ಹುಟ್ಟುತ್ತದೆ. ಆಗ ಉಗುರು ಹಾಕದಿರುವುದೇ ದೊಡ್ಡ ತಪಸ್ಸು. ಮೇಲೆ ಮಾಯಲು ಎರಡು ಮೂರು ವಾರ ಬೇಕು. ಒಳಗೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಈಜುಕೊಳ, ಸಮುದ್ರಸ್ನಾನ, ಸುಡುಬಿಸಿಲು ವರ್ಜ್ಯ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಅವರಿವರ ಚೀಲ ಉಜ್ಜದಂತೆ ಸಡಿಲವಾದ ಹತ್ತಿಯ ತೋಳು ಇರಲಿ. ಅತ್ತೆಯವರು ಅರಿಸಿನದ ಡಬ್ಬಿ ತಂದರು. ನಿತ್ಯ ಸಾರಿನ ಚಮಚ ಆಡುವ ಡಬ್ಬಿಯ ಪುಡಿ ತೆರೆದ ಗಾಯಕ್ಕೆ ಸಲ್ಲದೆಂದು ನಾನು ವಿನಯದಿಂದ ತಡೆದೆ. ಕೆಂಪು ಹರಡಿದರೆ, ನೋವು ದಿನೇ ದಿನೇ ಏರಿದರೆ, ಕೀವು ಅಥವಾ ಜ್ವರ ಬಂದರೆ ಮನೆಮದ್ದು ಬೇಡ, ವೈದ್ಯರ ಬಳಿಗೆ ನಡೆಯಿರಿ. ಹಾಕಿಸುವ ಮುನ್ನವೇ ನೋಡಬೇಕಾದದ್ದೂ ಒಂದಿದೆ: ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಒಬ್ಬರ ಸೂಜಿ ಇನ್ನೊಬ್ಬರಿಗೆ ತಾಗಿದರೆ ಕಾಮಾಲೆಯ ಬಿ, ಸಿ ವೈರಾಣುಗಳೂ ಎಚ್‌ಐವಿಯೂ ಅದೇ ದಾರಿಯಲ್ಲಿ ಬಂದಾವು.

ಮುಲಾಮು ಎಂದೆನಲ್ಲ, ಅಲ್ಲಿಯೇ ವೀಗನ್ ವ್ರತ ಅಡ್ಡ ಬಂತು. ಅಂಗಡಿಯ ಎಷ್ಟೋ ಮುಲಾಮುಗಳಲ್ಲಿ ಜೇನುಮೇಣವಿರುತ್ತದೆ, ಇಲ್ಲವೇ ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಎಂಬ ಜಿಡ್ಡು ಇರುತ್ತದೆ. ಕೊನೆಗೆ ವಾಸನೆಯಿಲ್ಲದ ಬರಿಯ ಪೆಟ್ರೋಲಿಯಂ ಜೆಲ್ಲಿಗೆ ಒಪ್ಪಂದವಾಯಿತು. ಬಿಸ್ಕತ್ತಿನ ಮೇಲಿನ ಹಸಿರು ಚುಕ್ಕೆಯನ್ನು ನಂಬುವಂತಿಲ್ಲ; ಅದು ಸಸ್ಯಾಹಾರದ ಗುರುತು, ಹಾಲಿಗೆ ಅಲ್ಲಿ ತಡೆಯಿಲ್ಲ. ವೀಗನ್ ಆಹಾರಕ್ಕೆಂದೇ ಸರ್ಕಾರ 2022ರಲ್ಲಿ ಬೇರೆ ನಿಯಮಗಳನ್ನೂ ಬೇರೆ ಚಿಹ್ನೆಯನ್ನೂ ತಂದಿದೆ.

ಇನ್ನು ಕೇಕಿನ ಮಾತು. ನಾದಿನಿಯ ಹುಟ್ಟುಹಬ್ಬಕ್ಕೆ ಮಾಡಿದ್ದು ಇದು. ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಮೂರು ದೊಡ್ಡ ಚಮಚ ಕೋಕೋ ಪುಡಿ, ಒಂದು ಸಣ್ಣ ಚಮಚ ಅಡಿಗೆ ಸೋಡ, ಅರ್ಧ ಸಣ್ಣ ಚಮಚ ಉಪ್ಪು: ಇಷ್ಟನ್ನು ಜರಡಿ ಹಿಡಿಯಿರಿ. ಒಂದು ಕಪ್ ನೀರು, ಐದು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ವಿನಿಗರ್, ಒಂದು ಸಣ್ಣ ಚಮಚ ವೆನಿಲಾ ಎಸೆನ್ಸ್ ಸುರಿದು, ಹಿಟ್ಟು ಕಾಣದಷ್ಟು ಮಾತ್ರ ಕಲಸಿ. ಹೆಚ್ಚು ಕಲಸಿದರೆ ಮೈದಾದ ಅಂಟು ಬಲಿತು ಕೇಕು ಗಟ್ಟಿಯಾಗುತ್ತದೆ. ಮೊಟ್ಟೆ ಮಾಡುವ ಉಬ್ಬಿಸುವ ಕೆಲಸವನ್ನು ಇಲ್ಲಿ ಸೋಡ ಮತ್ತು ವಿನಿಗರ್ ಸೇರಿದಾಗ ಏಳುವ ಅನಿಲ ಮಾಡುತ್ತದೆ. ಅದು ಕ್ಷಣಿಕ, ಆದುದರಿಂದ ಕಲಸಿದ ಕೂಡಲೇ ಎಂಟಂಗುಲದ ತಟ್ಟೆಗೆ ಸುರಿದು, ಮೊದಲೇ ಕಾಯಿಸಿಟ್ಟ ಓವನ್ನಿನಲ್ಲಿ 180 ಡಿಗ್ರಿಯಲ್ಲಿ 30–35 ನಿಮಿಷ ಬೇಯಿಸಿ. ಮೊದಲ 20 ನಿಮಿಷ ಬಾಗಿಲು ತೆರೆದು ಇಣುಕಿದರೆ ನಡು ಕುಸಿಯುತ್ತದೆ. ಹಚ್ಚೆಯಂತೆಯೇ ಇದಕ್ಕೂ ಸುಮ್ಮನೆ ಬಿಡುವುದೇ ಅರ್ಧ ಆರೈಕೆ.

ಅತ್ತೆಯವರು ಒಂದು ಚೂರು ಬಾಯಿಗೆ ಹಾಕಿಕೊಂಡು, "ನೀರು ಯಾಕೆ ಹಾಕಿದೆ? ಕಾಯಿಹಾಲು ಹಾಕಬಾರದಾಗಿತ್ತಾ?" ಎಂದರು. ಮರುವಾರ ತಾವೇ ತೆಂಗಿನಕಾಯಿ ತುರಿದು ಹಾಲು ಹಿಂಡಿ, ಮೈದಾದ ಮೂರನೆಯ ಒಂದು ಪಾಲಿಗೆ ರಾಗಿ ಹಿಟ್ಟು ಸೇರಿಸಿದರು. ರಾಗಿಗೆ ಅಂಟಿಲ್ಲ, ಅದಕ್ಕಿಂತ ಹೆಚ್ಚಾದರೆ ಕೇಕು ಉದುರುತ್ತದೆ. ಮಗಳು ಎರಡು ತುಂಡು ತಿಂದಳು. ತುಪ್ಪದ ವಿಷಯದಲ್ಲಿ ತಾಯಿಮಗಳ ಅಭಿಪ್ರಾಯಗಳು ಇದ್ದಲ್ಲಿಯೇ ಇವೆ. ಆದರೆ ಎಳ್ಳುಂಡೆ, ಅಕ್ಕಿರೊಟ್ಟಿ, ಮುದ್ದೆ, ಬಸ್ಸಾರು ಇವಕ್ಕೆಲ್ಲ ಹಾಲು ತುಪ್ಪದ ಹಂಗಿಲ್ಲವೆಂದು ಅತ್ತೆಯವರು ಈಗ ಬೆರಳು ಮಡಿಚಿ ಎಣಿಸುತ್ತಿದ್ದಾರೆ.

ಕೊನೆಗೊಂದು ಸೂಚನೆ. ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಸಂಘದ ಶಿಬಿರಕ್ಕೆ ಬರುವ ತರುಣ ತರುಣಿಯರು ಇದನ್ನು ಮರೆಮಾಚದೆ ವೈದ್ಯರಿಗೆ ತಿಳಿಸಬೇಕು. ನನ್ನ ನಾದಿನಿ ಈ ಸಲ ರಕ್ತ ಕೊಡಲಾರಳು. ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಕೂರುತ್ತಾಳೆ. ಕೊಟ್ಟವರಿಗೆ ಕಾಫಿಯ ಜೊತೆ ರಾಗಿ ಕೇಕು ಅತ್ತೆಯವರ ಲೆಕ್ಕದಲ್ಲಿ.